ಚೆನ್ನಾಗಿ ಹೊಂದಿಕೊಂಡ ಮಗು

ನಮ್ಮ ಊರಿನ ಶಿಶುಗೃಹದಲ್ಲಿ ಮಕ್ಕಳು ಅಳುತ್ತಿರಲಿಲ್ಲ. ಈ ಅಚ್ಚರಿಯನ್ನು ನೋಡಲು ಕೈರೋದಿಂದಲೂ ಜನ ಬರುತ್ತಿದ್ದರು. ಇಪ್ಪತ್ತೆರಡು ಕಬ್ಬಿಣದ ತೊಟ್ಟಿಲು, ಇಪ್ಪತ್ತೆರಡು ಮಕ್ಕಳು, ಗೋಡೆಗೆ ತಿಳಿಹಸಿರು ಬಣ್ಣ, ಮಸೀದಿಯಲ್ಲೂ ಸಿಗದಂಥ ಮೌನ. ನಿರ್ದೇಶಕಿ ಮೇಡಂ ಇತಿದಾಲ್ ಬಾಗಿಲಲ್ಲಿ ನಿಂತು, ತಾವೇ ನೆಟ್ಟು ಬೆಳೆಸಿದ ಹೂದೋಟವನ್ನು ತೋರಿಸುವವರಂತೆ, "ಒಂದಾದ್ರೂ ಅಳ್ತಿದೆಯಾ ನೋಡಿ" ಎನ್ನುತ್ತಿದ್ದರು. ಅತಿಥಿಗಳು ಕಿವಿಗೊಟ್ಟು, ತಲೆದೂಗಿ, ಬೆಣ್ಣೆ ಬಿಸ್ಕತ್ತು ತಿಂದು ಹೊರಡುತ್ತಿದ್ದರು. ಅತ್ತರೆ ಯಾರಾದರೂ ಬರುತ್ತಾರೆ ಎಂದು ನಂಬಿದ ಮಗು ಮಾತ್ರ ಅಳುತ್ತದೆ ಎಂಬುದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ತಡವಾಗಿ ಹೊಳೆಯಿತು; ಆದ್ದರಿಂದ ಮುಂದೆ ನಾನು ಯಾರನ್ನು ಹಳಿದರೂ ಆ ಸಾಲಿನಲ್ಲಿ ನನಗೂ ಒಂದು ಕುರ್ಚಿ ಹಾಕಿಕೊಂಡೇ ಹಳಿಯುತ್ತಿದ್ದೇನೆ.

ಗೃಹದ ಸಮಿತಿಯಲ್ಲಿ ನಾವು ನಾಲ್ವರು. ಮೇಡಂ ಇತಿದಾಲ್; ದೊಡ್ಡ ಮಸೀದಿಯ ಶೇಖ್ ಬುರ್ಹಾನ್; ಮಕ್ಕಳ ಮನಸ್ಸಿನ ತಜ್ಞನೆಂದು ನೇಮಕವಾಗಿದ್ದ, ಇನ್ನೂ ಮೀಸೆ ನೆಟ್ಟಗೆ ಕೂರದ ಡಾಕ್ಟರ್ ನಬೀಹ್; ಮತ್ತು ನಾನು, ರಾಗಿಬ್, ಮೂವತ್ತೈದು ವರ್ಷ ಅರಬ್ಬಿ ಪಾಠ ಹೇಳಿ ನಿವೃತ್ತನಾದವನು. ನನ್ನನ್ನು ಸೇರಿಸಿಕೊಂಡದ್ದು ವಿವೇಕಕ್ಕಾಗಿ ಅಲ್ಲ, ದುಂಡಾದ ಅಕ್ಷರಕ್ಕಾಗಿ. ನಡಾವಳಿ ಬರೆಯುವುದು ನನ್ನ ಪಾಲಿನ ಕೆಲಸ. ಪ್ರಾಸವನ್ನು ಕಿತ್ತೊಗೆದ ಕವಿಗಳನ್ನು ದಿಂಬಿನಡಿ ಇಟ್ಟುಕೊಂಡು ಯೌವನ ಕಳೆದವನು ನಾನು; ಸಮಿತಿಗಾದರೋ ಪ್ರಾಸವೇ ಬೇಕಿತ್ತು. ಪ್ರಾಸವೆಂಬುದು ಸುಳ್ಳಿಗೆ ತೊಡಿಸುವ ಇಸ್ತ್ರಿ ಮಾಡಿದ ಅಂಗಿ ಎಂದು ತಿಳಿದೂ ಹನ್ನೊಂದು ವರ್ಷ ಇಸ್ತ್ರಿ ತೀಡಿದೆ. ತಿಂಗಳ ಕೊನೆಯ ಸಭೆಯಲ್ಲಿ ನಾನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಶೇಖರು "ನಿಮ್ಮ ಲೇಖನಿಗೆ ದೇವರು ಆಯುಸ್ಸು ಕೊಡ್ಲಿ ಮೇಷ್ಟ್ರೇ" ಎನ್ನುತ್ತಿದ್ದರು. ಎಲ್ಲರೂ ಸಹಿ ಹಾಕುತ್ತಿದ್ದರು. ಹನ್ನೊಂದು ವರ್ಷದಲ್ಲಿ ಯಾರೂ ಒಂದು ಪದವನ್ನು ಪ್ರಶ್ನಿಸಿದವರಲ್ಲ.

ಮಸೀದಿಯ ಮೆಟ್ಟಿಲ ಮೇಲೋ ಕಾಲುವೆಯ ದಂಡೆಯಲ್ಲೋ ಸಿಕ್ಕ ಎಳೆಗೂಸನ್ನು ಮೊದಲು ಒಬ್ಬ ಹಾಲುತಾಯಿಗೆ ಒಪ್ಪಿಸುವುದು ನಮ್ಮಲ್ಲಿಯ ಪದ್ಧತಿ. ಅವಳಿಗೆ ತನ್ನದೂ ಒಂದು ಕೂಸು ಇರುತ್ತದೆ, ಎರಡಕ್ಕೂ ಹಾಲೂಡಿಸುತ್ತಾಳೆ, ಗುರುವಾರ ಗುರುವಾರ ಗೃಹಕ್ಕೆ ಬಂದು, ಮಗುವನ್ನು ತಕ್ಕಡಿಯಲ್ಲಿಟ್ಟು ತೂಕ ತೋರಿಸಿ, ಕೂಲಿ ಪಡೆಯುತ್ತಾಳೆ. ಎರಡು ವರ್ಷ ತುಂಬಿದ ದಿನ ಮಗು ಗೃಹಕ್ಕೆ ವಾಪಸು. ಈ ನಡುವೆ ಶೇಖ್ ಬುರ್ಹಾನ್ ಹಸಿರು ರಟ್ಟಿನ ದಫ್ತರದಲ್ಲಿ ಬರೆದಿಡುತ್ತಾರೆ: ಇಂಥ ಮಗು ಇಂಥವಳ ಹಾಲು ಕುಡಿದಿದೆ, ಆದ್ದರಿಂದ ಅವಳ ಮಕ್ಕಳು ಇದಕ್ಕೆ ಒಡಹುಟ್ಟಿದವರು, ಮುಂದೆ ಎಂದೂ ಇವರಲ್ಲಿ ಮದುವೆ ಕೂಡದು. ಇಪ್ಪತ್ತು ವರ್ಷದಾಚೆ ಯಾರನ್ನು ಮದುವೆಯಾಗಬಾರದು ಎಂಬುದಕ್ಕೆ ದಾಖಲೆಯಿತ್ತು. ನಾಳೆ ಮಧ್ಯಾಹ್ನ ಈ ಮಗು ಯಾವ ಹಾಡಿಗೆ ಮಲಗುತ್ತದೆ ಎಂಬುದಕ್ಕೆ ಇರಲಿಲ್ಲ.

ಆ ವರ್ಷ ಶರತ್ಕಾಲದಲ್ಲಿ ವಾಪಸಾದ ಮಗುವಿಗೆ ಗೃಹದವರು ಇಟ್ಟ ಹೆಸರು ಇಬ್ತಿಸಾಮ್. ಎಂದರೆ ಮುಗುಳುನಗೆ. ಸಾಕಿದವಳು ಕರೆಯುತ್ತಿದ್ದದ್ದು ಫುಲ್ಲಾ ಎಂದು, ಮಲ್ಲಿಗೆ. ಸಾಕಿದವಳನ್ನು ಕೇರಿಯವರೆಲ್ಲ ಹಿರಿಮಗನ ಹೆಸರು ಹಿಡಿದು ಶಹಾತನಮ್ಮ ಎನ್ನುತ್ತಿದ್ದರು: ಇಟ್ಟಿಗೆ ಗೂಡಿನ ಕೂಲಿಯವನ ಹೆಂಡತಿ, ಐದು ಮಕ್ಕಳ ತಾಯಿ, ಅಗಲ ಭುಜದವಳು, ಹರಿತ ನಾಲಿಗೆಯವಳು. ಒಪ್ಪಿಸುವ ದಿನ ನಾನು ಅಲ್ಲಿದ್ದೆ. ಮಗುವಿನ ಮುಷ್ಟಿಯಿಂದ ಅವಳ ಕಪ್ಪು ನಿಲುವಂಗಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದರು. ಮಗು ಕಿರುಚಿದ ರೀತಿಗೆ ಅಂಗಳದ ಪಾರಿವಾಳಗಳು ಎದ್ದು ಹೋದವು.

"ಎರಡು ದಿನ ಅಳ್ತಾವೆ, ಮೂರನೇ ದಿನ ಮರೀತಾವೆ," ಎಂದರು ಮೇಡಂ. "ಮಕ್ಕಳಿಗೇನು ನೆನಪಿರತ್ತೆ."

"ಹೌದೌದು," ಎಂದಳು ಶಹಾತನಮ್ಮ. "ಹೋದ್ವರ್ಷ ಒಲೆ ಮುಟ್ಟಿ ಕೈ ಸುಟ್ಕೊಂಡಿದ್ಲು, ಇವತ್ತಿಗೂ ಒಲೆ ಹತ್ರ ಹೋಗಲ್ಲ. ನೆನಪೇ ಇಲ್ಲ ನೋಡಿ, ಪಾಪ."

ಮೇಡಂಗೆ ಅದು ಚುಚ್ಚಲಿಲ್ಲ. ಚುಚ್ಚಿಸಿಕೊಳ್ಳಲು ಒಳಗೆ ಏನಾದರೂ ಮೆತ್ತಗಿನದು ಇರಬೇಕು.

ಮಗು ಮೂರಲ್ಲ, ಆರು ದಿನ ಅತ್ತಿತು. ಆಮೇಲೆ ಬಾಗಿಲ ಬಳಿ ನಿಂತಿತು. ಯಾರ ಹೆಜ್ಜೆ ಸದ್ದಾದರೂ ಮುಖವೆತ್ತುವುದು, ಇಳಿಸುವುದು. ಹತ್ತನೆಯ ದಿನ ಬಾಗಿಲನ್ನೂ ಬಿಟ್ಟು ತನ್ನ ತೊಟ್ಟಿಲ ಸರಳಿಗೆ ಬೆನ್ನು ಕೊಟ್ಟು ಕುಳಿತಿತು. ಅಷ್ಟು ಹೊತ್ತಿಗೆ ಇಪ್ಪತ್ತು ಮಾತು ಆಡುತ್ತಿದ್ದ ನಾಲಿಗೆಯಲ್ಲಿ ಒಂದೇ ಮಾತು ಉಳಿದಿತ್ತು. ಕೊಟ್ಟದ್ದನ್ನು ತಿನ್ನುತ್ತಿತ್ತು, ಎತ್ತಿದವರ ತೋಳಿಗೆ ಗೋಣಿಚೀಲದಂತೆ ಹೋಗುತ್ತಿತ್ತು. ತಿಂಗಳ ಕೊನೆಗೆ ತೂಕ ಮುನ್ನೂರು ಗ್ರಾಂ ಏರಿತ್ತು. ತೂಕ ಏರಿದ್ದನ್ನು ಮೇಡಂ ಸಭೆಗೆ ತಿಳಿಸಿದಾಗ ಎಲ್ಲರೂ ದೇವರನ್ನು ಸ್ತುತಿಸಿದರು, ಆಲೂಗಡ್ಡೆಯ ಬೆಳೆ ಚೆನ್ನಾಗಿ ಬಂದಿತೆಂಬಂತೆ. "ಮಗು ಚೆನ್ನಾಗಿ ಹೊಂದಿಕೊಂಡಿದೆ" ಎಂದು ನಾನೇ ಬರೆದೆ. ಹಿಂದೆ ಮುಂದೆ ಎರಡು ಪ್ರಾಸವನ್ನೂ ಕಟ್ಟಿದೆ. ಆ ಪುಟ ಎಷ್ಟು ಅಂದವಾಗಿ ಬಂದಿತೆಂದರೆ ಮೇಡಂ ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕೋಣೆಯ ಗೋಡೆಗೆ ತೂಗುಹಾಕಿದರು.

ಅದಾದ ಮೇಲೆ ಪ್ರತಿ ಗುರುವಾರ ಶಹಾತನಮ್ಮ ಬರತೊಡಗಿದಳು. ಒಳಗೆ ಬಿಡುವುದಿಲ್ಲವೆಂದು ಕಾವಲುಗಾರ ಹೇಳಿದ; ನಾನು ಒಳಗೆ ಬರೋಕೆ ಬಂದಿಲ್ಲ, ತೂಕಕ್ಕೆ ಬಂದಿದ್ದೀನಿ ಎಂದಳು. ಹಾಲುತಾಯಂದಿರ ಸಾಲಿನಲ್ಲಿ ಬರಿಗೈಯಲ್ಲಿ ನಿಂತಳು. ಮುಂದಿನವಳ ಮಗು ಇಳಿದು, ತಕ್ಕಡಿ ಖಾಲಿಯಾದಾಗ ಗುಮಾಸ್ತ ತಲೆಯೆತ್ತಿದ.

"ನಿಂದೇನಮ್ಮ? ಏನು ತೂಗಿಸ್ತೀಯಾ?"

"ನನ್ನನ್ನೇ ತೂಗಪ್ಪ. ಅವಳನ್ನ ಕಿತ್ಕೊಂಡ ಮೇಲೆ ಎಷ್ಟು ಇಳಿದಿದ್ದೀನಿ ಬರ್ಕೋ. ನಿಮ್ಮ ಕಡೆ ಏರಿದ್ದು ಮಾತ್ರ ಬರೀತೀರಂತೆ."

ಸಾಲಿನ ಹೆಂಗಸರು ತಲೆವಸ್ತ್ರದೊಳಗೆ ನಕ್ಕರು. ಗುಮಾಸ್ತ ನಗಲಿಲ್ಲ, ಅವನ ನಮೂನೆಯಲ್ಲಿ ನಗುವಿಗೆ ಕಾಲಂ ಇರಲಿಲ್ಲ. ಹದಿನೈದು ಗುರುವಾರ ಅವಳು ಹೀಗೆ ನಿಂತಳು. ಹದಿನಾರನೆಯ ಗುರುವಾರ ನನ್ನನ್ನು ಗೇಟಿನ ಬಳಿ ತಡೆದಳು.

"ಮೇಷ್ಟ್ರೇ, ನೀವು ಓದಿದೋರು. ಒಂದು ಮಾತು ಹೇಳಿ. ನನ್ನ ಶಹಾತ ಅವಳನ್ನ ಯಾವತ್ತೂ ಮದುವೆ ಆಗೋ ಹಾಗಿಲ್ಲ ಅಂತ ಶೇಖರು ಬರ್ಕೊಂಡಿದ್ದಾರಲ್ಲ. ಯಾಕೆ?"

"ತಂಗಿ ಅಂತ."

"ಮದುವೆ ವಿಷಯಕ್ಕೆ ಬಂದ್ರೆ ತಂಗಿ. ಊಟಕ್ಕೆ ಕೂರೋ ವಿಷಯಕ್ಕೆ ಬಂದ್ರೆ ಯಾರೋ. ಇದ್ಯಾವ ಲೆಕ್ಕ ಮೇಷ್ಟ್ರೇ? ನನ್ನ ಹಾಲು ಅವಳಿಗೆ ಬೇಲಿ ಹಾಕೋಕೆ ಮಾತ್ರ ಬೇಕಾ?"

ಅವಳ ಕೈಯಲ್ಲಿ ಯಾರಿಂದಲೋ ಬರೆಸಿದ ಅರ್ಜಿಯಿತ್ತು. ಮಗುವನ್ನು ಸಾಕಲು ತನಗೇ ಕೊಡಬೇಕೆಂದು. ತೆಗೆದುಕೊಂಡೆ. ಮನೆಗೆ ನಡೆಯುತ್ತ ನನ್ನದೇ ಒಂದು ಸಂಗತಿ ನೆನಪಾಯಿತು. ನೆನಪೆಂದರೆ ಸುಳ್ಳು, ಹಿರಿಯರು ಹೇಳಿ ಕೇಳಿದ್ದು. ನನಗೆ ಒಂದೂವರೆ ವರ್ಷವಾದಾಗ ತಮ್ಮ ಹುಟ್ಟಿದ. ನನ್ನನ್ನು ಒಂದು ವರ್ಷದ ಮಟ್ಟಿಗೆ ಅತ್ತೆಯ ಊರಿಗೆ ಸಾಗಿಸಿದರು. ಮರಳಿ ಬಂದವನು ತಾಯಿಯನ್ನು "ಚಿಕ್ಕಮ್ಮ" ಎಂದೆನಂತೆ. ಮನೆಮಂದಿ ನಕ್ಕು ನಕ್ಕು ಸಾಕಾದರಂತೆ. ಆ ನಗೆಚಟಾಕಿಯನ್ನು ನಾನೂ ಎಷ್ಟೋ ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಆದರೆ ಎಪ್ಪತ್ತರ ಹತ್ತಿರ ಬಂದರೂ ಯಾರ ಮನೆಗೆ ಹೋದರೂ ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕುತ್ತೇನೆ.

ಸಭೆಯಲ್ಲಿ ಅರ್ಜಿಯನ್ನು ಓದಿದೆ. ಮೇಡಂ ಚಹದ ಲೋಟ ಕೆಳಗಿಟ್ಟರು.

"ಎರಡು ಕೋಣೆ, ಐದು ಮಕ್ಕಳು, ಅಕ್ಷರ ಬಾರದ ಹೆಂಗಸು. ಇಲ್ಲಿ ಆ ಮಗೂಗೆ ಸ್ವಂತ ಹಾಸಿಗೆ ಇದೆ."

"ಹಾಲು ಕೂಲಿಗೆ ಕೊಟ್ಟಿದ್ರೂ ತಾಯ್ತನ ತಾಯ್ತನವೇ," ಎಂದರು ಶೇಖರು, ಬಿಸ್ಕತ್ತನ್ನು ಚಹದಲ್ಲಿ ಅದ್ದುತ್ತ. ಒಂದು ಕ್ಷಣ ನನಗೆ ಆಸೆ ಮೂಡಿತು. ಅವರು ಮುಂದುವರಿಸಿದರು: "ಆದ್ರೆ ಅದು ಮದುವೆ ನಿಷೇಧಕ್ಕೆ. ಉಳಿದದ್ದು ಆಡಳಿತದ ವಿಷಯ. ಅದರಲ್ಲಿ ನಾನು ತಲೆ ಹಾಕಲ್ಲ."

ಡಾಕ್ಟರ್ ನಬೀಹ್ ಕೈರೋದಲ್ಲಿ ಮೂರು ವಾರದ ಶಿಬಿರ ಮುಗಿಸಿ ಬಂದಿದ್ದ. ಶಿಬಿರದಲ್ಲಿ ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಭಾವನೆ ಗೀವನೆ ಬೇಡ," ಎಂದ. "ಪರೀಕ್ಷೆ ಮಾಡೋಣ. ಮಗೂನ ಒಂದು ಕೋಣೇಲಿ ಬಿಡೋಣ. ಆ ಹೆಂಗಸು ಬರ್ಲಿ. ಹತ್ತು ನಿಮಿಷ. ಮಗು ಓಡಿ ಹೋಗಿ ಅಪ್ಪಿಕೊಂಡ್ರೆ ಬಾಂಧವ್ಯ ಇದೆ ಅಂತ. ಇಲ್ದಿದ್ರೆ ಇಲ್ಲ."

"ಭೇಷ್," ಎಂದರು ಮೇಡಂ. "ಇದು ವಿಜ್ಞಾನ."

ಶಹಾತನಮ್ಮನಿಗೆ ತಿಳಿಸಲು ನಾನೇ ಹೋದೆ. ಹತ್ತು ನಿಮಿಷದಲ್ಲಿ ಮಗು ನಿನ್ನನ್ನು ಅಪ್ಪಿದರೆ ನಿನ್ನದು, ಇಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದೆ. ಅವಳು ರೊಟ್ಟಿಯ ಹಿಟ್ಟು ಮೆತ್ತಿದ ಕೈಯನ್ನು ನೋಡಿಕೊಂಡಳು. "ನಾಲ್ಕು ತಿಂಗಳು ಬಿಟ್ಟು ಹೋದೋಳನ್ನ ಯಾವ ಹೆಣ್ಣು ಓಡಿ ಬಂದು ಅಪ್ಪತ್ತೆ ಮೇಷ್ಟ್ರೇ? ನನ್ನ ಗಂಡ ಒಂದು ವಾರ ಹೇಳದೆ ಹೋದ್ರೆ ನಾನೇ ಮಾತಾಡ್ಸಲ್ಲ," ಎಂದಳು.

ಪರೀಕ್ಷೆ ಮಾರ್ಚಿನ ಮೊದಲ ಗುರುವಾರ, ಮೇಡಂ ಕೋಣೆಯಲ್ಲೇ, ನನ್ನ ಚೌಕಟ್ಟು ಹಾಕಿದ ಸಾಲುಗಳ ಕೆಳಗೆ. ಆಯಾ ಮಗುವನ್ನು ತಂದು ರತ್ನಗಂಬಳಿಯ ಮೇಲೆ ಬಿಟ್ಟಳು. ಮಗು ನೇರವಾಗಿ ಮೇಡಂ ಬಳಿ ಹೋಗಿ ಕೈ ಚಾಚಿ "ಅಮ್ಮ" ಎಂದಿತು. ಅನಂತರ ಡಾಕ್ಟರ್ ನಬೀಹ್ ಬಳಿ ಹೋಗಿ "ಅಮ್ಮ" ಎಂದಿತು. ಶೇಖರಿಗೂ ನನಗೂ ಎಂದಿತು. ಚಹದ ತಟ್ಟೆ ಹಿಡಿದು ಬಂದ ಹಲ್ಲಿಲ್ಲದ ಮುದುಕನಿಗೂ ಎಂದಿತು. ದನಿಯಲ್ಲಿ ಬೇಡಿಕೆಯಿರಲಿಲ್ಲ, ಸಂತೋಷವಿರಲಿಲ್ಲ; ಬಸ್ಸಿನಲ್ಲಿ ಟಿಕೇಟು ತೋರಿಸುವಂತಿತ್ತು.

"ನೋಡಿ, ಎಷ್ಟು ಬೆರೆಯತ್ತೆ," ಎಂದರು ಮೇಡಂ. "ಎಲ್ಲರೂ ಇವಳಿಗೆ ಅಮ್ಮಂದಿರೇ."

ನಬೀಹ್ ಬರೆದುಕೊಂಡ.

ಶಹಾತನಮ್ಮ ಒಳಬಂದಳು. ಮಗು ಅವಳನ್ನು ನೋಡಿತು. ಎಲ್ಲರಿಗೂ ಚಾಚಿದ ಕೈ ಅರ್ಧಕ್ಕೆ ನಿಂತಿತು. ಅಮ್ಮ ಎನ್ನಲಿಲ್ಲ. ನಿಧಾನವಾಗಿ ಹಿಂದೆ ತಿರುಗಿ, ಗೋಡೆಗೆ ಮುಖ ಮಾಡಿ ನಿಂತು, ತನ್ನ ಅಂಗಿಯ ಗುಂಡಿಯನ್ನು ತಿರುಗಿಸತೊಡಗಿತು. ನಬೀಹ್ ಗಡಿಯಾರ ನೋಡಿದ. ಅವನ ತುಟಿಯ ಮೇಲೆ ಲೆಕ್ಕ ಸರಿಬಂದವನ ತೃಪ್ತಿ.

ಅವಳು ಕರೆಯಲಿಲ್ಲ. ಗಂಬಳಿಯ ಅಂಚಿನಲ್ಲಿ ನೆಲದ ಮೇಲೆ ಕುಳಿತು, ಗಂಟಿನಿಂದ ಅವರೆಯಂಥ ಹಸಿ ಫೂಲ್ ಕಾಯಿಗಳನ್ನು ಸುರಿದು, ತನ್ನ ಮನೆಯ ಅಂಗಳದಲ್ಲಿ ಕುಳಿತವಳ ಹಾಗೆ ಸುಲಿಯತೊಡಗಿದಳು. ಸಿಪ್ಪೆ ಒಂದು ಕಡೆ, ಕಾಳು ಮಡಿಲಿಗೆ.

"ಏನಮ್ಮ ಇದು, ಗಂಬಳಿ ಮೇಲೆ ಸಿಪ್ಪೆ," ಎಂದರು ಮೇಡಂ.

"ಆಮೇಲೆ ಗುಡಿಸ್ತೀನಿ ತಾಯಿ. ನಿಮ್ಮ ಹತ್ತು ನಿಮಿಷ ತುಂಬೋವರೆಗೆ ಬರಿಗೈಲಿ ಕೂತ್ರೆ ಮನೇಲಿ ಮಕ್ಕಳು ಉಪವಾಸ."

ಸಿಪ್ಪೆ ಸೀಳುವ ಪುಟ್ಟ ಸದ್ದು ಮಾತ್ರ ಕೇಳುತ್ತಿತ್ತು. ನಾಲ್ಕು ನಿಮಿಷ ಹೋಯಿತು, ಐದು ಹೋಯಿತು. ಗುಂಡಿ ತಿರುಗುವುದು ನಿಂತಿತು. ಮಗು ಗೋಡೆ ಬಿಟ್ಟು ಒಂದು ಹೆಜ್ಜೆ ಹಿಂದಿಟ್ಟಿತು, ಮುಖ ತಿರುಗಿಸದೆ. ಇನ್ನೊಂದು ಹೆಜ್ಜೆ, ಬೆನ್ನು ಮುಂದಾಗಿ. ಹಾಗೆಯೇ ಹಿಂದೆ ಹಿಂದೆ ಬಂದು ಅವಳಿಂದ ಒಂದು ಮೊಳ ದೂರದಲ್ಲಿ ಬೆನ್ನು ಹಾಕಿ ಕುಳಿತಿತು. ಅವಳು ಆಗಲೂ ನೋಡಲಿಲ್ಲ. ಒಂದು ಕಾಳಿನ ಮೇಲಿನ ಸಿಪ್ಪೆಯನ್ನೂ ಬಿಡಿಸಿ, ಎಳೆಹಸಿರಾಗಿ, ಮಗುವಿನ ಭುಜದ ಮೇಲಿಂದ ಎರಡು ಬೆರಳಲ್ಲಿ ಚಾಚಿದಳು.

ಮಗು ಆ ಕೈಯನ್ನು ಕಚ್ಚಿತು.

ಎಳೆಯ ಕಡಿತವಲ್ಲ. ಹೆಬ್ಬೆರಳ ಬುಡದ ಮಾಂಸಕ್ಕೆ ಹಲ್ಲು ಊರಿ, ಕಣ್ಣು ಮುಚ್ಚಿ, ಮೈಯೆಲ್ಲ ನಡುಗುವಂತೆ ಕಚ್ಚಿ ಹಿಡಿಯಿತು. ರಕ್ತ ಮಣಿಕಟ್ಟಿಗೆ ಇಳಿಯಿತು. ಆಯಾ ಓಡಿ ಬಂದಳು, ಮೇಡಂ ಎದ್ದು ನಿಂತರು. ಶಹಾತನಮ್ಮ ಇನ್ನೊಂದು ಕೈಯಿಂದ ಎಲ್ಲರನ್ನೂ ತಡೆದಳು. ಕಚ್ಚಿಸಿಕೊಂಡ ಕೈಯನ್ನು ಒಂದಿಷ್ಟೂ ಎಳೆದುಕೊಳ್ಳಲಿಲ್ಲ.

"ಬಿಡಿ. ಇಲ್ಲಿ ಯಾರನ್ನಾದ್ರೂ ಹೀಗೆ ಕಚ್ಚಿದ್ದಾಳಾ?"

"ಛೆ. ಒಬ್ಬರನ್ನೂ ಇಲ್ಲ," ಎಂದರು ಮೇಡಂ ನೊಂದವರಂತೆ. "ಬಂಗಾರದಂಥ ಮಗು. ನಾಲ್ಕು ತಿಂಗಳಲ್ಲಿ ಒಂದು ದಿನ ಹಟ ಮಾಡಿಲ್ಲ."

"ಹಾಗಾದ್ರೆ ನಾಲ್ಕು ತಿಂಗಳ ಸಿಟ್ಟನ್ನ ಯಾರಿಗೂ ಕೊಡದೆ ನನಗಂತಲೇ ಇಟ್ಕೊಂಡಿದ್ದಾಳೆ," ಎಂದಳು ಅವಳು. ನಗುತ್ತಿದ್ದಳು, ಗಲ್ಲ ಒದ್ದೆಯಾಗಿತ್ತು. "ಕಚ್ಚು ನನ್ನವ್ವ. ನಿನ್ನ ಪಾಲಿಂದು."

ಆಗ ಮಗು ಹಲ್ಲು ಬಿಟ್ಟು, ಬಾಯಿ ತೆರೆದು, ಕಿರುಚಿತು. ಶರತ್ಕಾಲದಲ್ಲಿ ಅಂಗಳದಲ್ಲಿ ಅರ್ಧಕ್ಕೆ ನಿಂತಿದ್ದ ಅದೇ ಕಿರುಚು. ಕಾರಿಡಾರಿನ ಆಚೆ, ಎಂದೂ ಅಳದ ತೊಟ್ಟಿಲುಗಳಲ್ಲಿ ಒಂದು, ಆಮೇಲೆ ಇನ್ನೊಂದು, ಅಳತೊಡಗಿತು. ಮೇಡಂ ಕಿಟಕಿ ಮುಚ್ಚಲು ಓಡಿದರು.

ಹೆಂಗಸನ್ನು ಹೊರಗೆ ಕಳಿಸಿ, ಮಗುವನ್ನು ಆಯಾ ಎತ್ತಿಕೊಂಡು ಹೋದ ಮೇಲೆ ಸಮಿತಿ ಕುಳಿತುಕೊಂಡಿತು. ನಬೀಹ್ ಹೇಳಿದ: "ಅಪ್ಪಿಕೊಳ್ಳಲಿಲ್ಲ. ಮುಖ ತಿರುಗಿಸಿತು. ಕಚ್ಚಿತು. ದ್ವೇಷ. ಶುದ್ಧ ದ್ವೇಷ." ಶೇಖರು ಮಗುವಿನ ದವಡೆಯ ಶಕ್ತಿಗೆ ಬೆರಗಾದರು. ಮೇಡಂ ಗಂಬಳಿಯ ಕಲೆಯನ್ನು ನೋಡುತ್ತಿದ್ದರು. ನಾನು ಬಾಯಿ ತೆರೆದೆ: ನಮ್ಮೆಲ್ಲರಿಗೂ ಕೈ ಚಾಚಿದ ಮಗುವಿಗೆ ನಾವು ಯಾರೂ ಅಲ್ಲ, ಕಚ್ಚಿದ್ದು ಒಬ್ಬಳನ್ನೇ, ಏಕೆಂದರೆ ಮುರಿದದ್ದು ಒಬ್ಬಳ ಜೊತೆಗಿನ ಮಾತು ಎಂದೆ. "ಮೇಷ್ಟ್ರೇ, ಇದು ಕವಿತೆ," ಎಂದ ನಬೀಹ್. ಆ ವಯಸ್ಸಿನವರ ಬಾಯಲ್ಲಿ ಅದು ಬೈಗುಳ. ಅರ್ಜಿ ತಿರಸ್ಕೃತವೆಂದು ಅವನೂ ಮೇಡಂ ಅವರೂ ಹೇಳಿದರು. ಶೇಖರು ತಲೆ ಹಾಕಲಿಲ್ಲ. "ನೀವು ಬರೆದು ಓದಿಬಿಡಿ, ನಮಾಜಿಗೆ ಹೊತ್ತಾಯ್ತು" ಎಂದರು.

ನಾನು ಬರೆದೆ. ಅರ್ಧ ಗಂಟೆ ಬರೆದೆ. ಸ್ತುತಿಯಿಂದ ಆರಂಭಿಸಿ, ಮೇಡಂ ಅವರ ದೂರದೃಷ್ಟಿಗೆ ಒಂದು ಪ್ರಾಸ, ಡಾಕ್ಟರರ ಪಾಂಡಿತ್ಯಕ್ಕೆ ಒಂದು, ಶೇಖರ ದಫ್ತರಕ್ಕೆ ಎರಡು. ನಡುವೆ, ಮುತ್ತಿನ ಸರದಲ್ಲಿ ದಾರದ ಹಾಗೆ, ಇಷ್ಟು ಸಾಗಿಸಿದೆ: ಗೃಹದಲ್ಲಿ ಯಾರ ಮೇಲೂ ಪ್ರೀತಿಯನ್ನಾಗಲಿ ಸಿಟ್ಟನ್ನಾಗಲಿ ತೋರದ ಮಗು ಅರ್ಜಿದಾರಳ ಮೇಲೆ ಎರಡನ್ನೂ ತೋರಿದ್ದನ್ನು ಸಮಿತಿ ಕಣ್ಣಾರೆ ಕಂಡಿದೆ, ದಫ್ತರದ ಪ್ರಕಾರ ಅವಳು ತಾಯಿ, ಆದ್ದರಿಂದ ಮಗುವನ್ನು ಈ ದಿನವೇ ಅವಳ ಆರೈಕೆಗೆ ಒಪ್ಪಿಸತಕ್ಕದ್ದು. ಬಚ್ಚಿಡಲಿಲ್ಲ. ಗಟ್ಟಿಯಾಗಿ, ವಿಭಕ್ತಿಗಳನ್ನೆಲ್ಲ ಬಿಡಿಸಿ ಉಚ್ಚರಿಸಿ, ಕೊನೆಯ ಅಕ್ಷರದವರೆಗೆ ಓದಿದೆ. ಒಬ್ಬರಾದರೂ ಕಣ್ಣು ತೆರೆದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮೇಡಂ ತಮ್ಮ ಹೆಸರು ಬಂದಾಗ ಮುಗುಳ್ನಕ್ಕರು. ನಬೀಹ್ ತನ್ನ ಹೆಸರಿಗೆ ಕಾಯುತ್ತಿದ್ದ. ಬಂದ ಮೇಲೆ ಕೇಳುವುದನ್ನು ಬಿಟ್ಟ.

"ನಿಮ್ಮ ಲೇಖನಿಗೆ ದೇವರು ಆಯುಸ್ಸು ಕೊಡ್ಲಿ ಮೇಷ್ಟ್ರೇ," ಎಂದರು ಶೇಖ್ ಬುರ್ಹಾನ್.

ನಾಲ್ಕು ಸಹಿ, ಒಂದು ಮೊಹರು. ಮೇಡಂ ಶೇಖರನ್ನು ಕಾರಿನವರೆಗೆ ಬಿಡಲು ಹೋದಾಗ ನಾನು ಕಾಗದವನ್ನು ಆಯಾಳಿಗೆ ತೋರಿಸಿದೆ. ಮೊಹರು ನೋಡಿದವಳು ಉಳಿದದ್ದನ್ನು ನೋಡಲಿಲ್ಲ. ಅವರ್ಯಾರೂ ನೋಡುವುದಿಲ್ಲ. ಹೊರಗೆ ಕಾದು ಕುಳಿತಿದ್ದ ಶಹಾತನಮ್ಮ ಮಗುವನ್ನು ಭುಜಕ್ಕೆ ಹಾಕಿಕೊಂಡು ಗೇಟು ದಾಟಿದಾಗ ಹೆಬ್ಬೆರಳಿಗೆ ತಲೆವಸ್ತ್ರದ ತುದಿ ಸುತ್ತಿತ್ತು. "ಕೊಟ್ರಾ?" ಎಂದ ಕಾವಲುಗಾರ. "ತೂಕ ಸರಿಬಂತು," ಎಂದಳು.

ಮೇಡಂಗೆ ಸತ್ಯ ತಿಳಿದದ್ದು ಮರುದಿನವೇ, ತೊಟ್ಟಿಲು ಎಣಿಸಿದಾಗ. ನನ್ನನ್ನು ಕರೆಸಿ ಕೂಗಾಡಿದರು. ನಿಮ್ಮ ಸಹಿ ನೋಡಿಕೊಳ್ಳಿ ಎಂದೆ. ಓದದೆ ಸಹಿ ಹಾಕಿದೆನೆಂದು ಮೇಲಿನವರಿಗೆ ಬರೆಯುವುದೋ, ಓದಿಯೇ ಹಾಕಿದೆನೆಂದು ಸುಮ್ಮನಿರುವುದೋ; ಎರಡರಲ್ಲಿ ಅವರು ಯಾವುದನ್ನು ಆರಿಸಿಕೊಂಡರೆಂದು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಮುಖ್ಯ ಕಚೇರಿಯಿಂದ, ಮಾನವೀಯ ನಿರ್ಧಾರಕ್ಕಾಗಿ ಅಭಿನಂದನಾ ಪತ್ರ ಬಂತು. ಅದಕ್ಕೂ ಚೌಕಟ್ಟು ಹಾಕಿಸಿದರು. ಈಗ ಅವರ ಗೋಡೆಯ ಮೇಲೆ ಎರಡೂ ಅಕ್ಕಪಕ್ಕ ಇವೆ: ಮಗು ಚೆನ್ನಾಗಿ ಹೊಂದಿಕೊಂಡಿದೆ ಎಂಬ ನನ್ನ ಪುಟ, ಅದೇ ಮಗುವನ್ನು ಕಳುಹಿಸಿದ್ದಕ್ಕೆ ಹೊಗಳಿಕೆ. ನೋಡಲು ಬಂದವರು ಎರಡನ್ನೂ ಓದಿ ಎರಡಕ್ಕೂ ತಲೆದೂಗುತ್ತಾರೆ. ನಬೀಹ್ ಈಗ ಬೇರೆಯವರಿಗೆ ಶಿಬಿರ ನಡೆಸುತ್ತಾನೆ. ನನ್ನನ್ನು ವಯಸ್ಸಿನ ಕಾರಣಕ್ಕೆ ಗೌರವಪೂರ್ವಕವಾಗಿ ಬಿಡುಗಡೆ ಮಾಡಿದರು. ಉಳಿದ ಇಪ್ಪತ್ತೊಂದು ತೊಟ್ಟಿಲುಗಳಿಗೆ ನಾನು ಏನೂ ಮಾಡಲಿಲ್ಲ.

ಇನ್ನು ಫುಲ್ಲಾ. ಮರಳಿದ ಮಗು ನಕ್ಕು ನಲಿಯಿತು ಎಂದು ಬರೆಯಬಲ್ಲೆ. ಹನ್ನೊಂದು ವರ್ಷದ ಅಭ್ಯಾಸವಿದೆ. ಆದರೆ ಮೊದಲ ಮೂರು ತಿಂಗಳು ಅದು ತಾಯಿಯ ಅಂಗಿಯ ಅಂಚನ್ನು ಮುಷ್ಟಿಯಿಂದ ಬಿಡಲಿಲ್ಲ; ಅವಳು ಶೌಚಕ್ಕೆ ಹೋದರೂ ಹೊರಗೆ ನಿಂತು ಬಾಗಿಲು ಬಡಿಯಿತು. ಅದನ್ನು ನೋಡಿ ಶಹಾತ ರೇಗಿಸುತ್ತಿದ್ದ: "ಅಮ್ಮ, ನಿನಗೆ ಬಾಲ ಬಂದಿದೆ." ಮಾತು ಮರಳಿದ್ದು ಒಂದು ವರ್ಷದ ಮೇಲೆ. ರೊಟ್ಟಿಯ ಚೂರುಗಳನ್ನು ಹಾಸಿಗೆಯಡಿ ಬಚ್ಚಿಡುವುದು ಇನ್ನೂ ಹೋಗಿಲ್ಲ. ಗುರುವಾರಗಳಂದು ಅದು ಬೀದಿಗೆ ಇಳಿಯುವುದಿಲ್ಲ; ಅಂದು ಗುರುವಾರವೆಂದು ಅದಕ್ಕೆ ಯಾರು ಹೇಳುತ್ತಾರೋ ದೇವರೇ ಬಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ, ಎರಡು ಕಿತ್ತಳೆ ಹಿಡಿದು. ಆರು ವರ್ಷದ ಹುಡುಗಿ ಬಾಗಿಲು ತೆರೆದಳು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಚಿಲಕದ ಮೇಲೆ. ಒಳಗೆ, ಒಲೆಯ ಮುಂದೆ, ಶಹಾತನಮ್ಮನ ಅಗಲ ಬೆನ್ನು ಕಾಣುತ್ತಿತ್ತು. ಹುಡುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡು ವರ್ಷದ ಮಕ್ಕಳಿಗೆ ನೆನಪಿರುವುದಿಲ್ಲವಷ್ಟೆ.

"ಅಮ್ಮ ಮನೇಲಿಲ್ಲ," ಎಂದಳು.

"ನಾನು ರಾಗಿಬ್ ಮೇಷ್ಟ್ರು ಕಣಮ್ಮ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನೋಡಿ ಆಯ್ತಲ್ಲ," ಎಂದಳು. ಕಿತ್ತಳೆಗಳನ್ನು ತೆಗೆದುಕೊಂಡಳು. ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು. ಭದ್ರವಾಗಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದ ಸದ್ದು ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಕೇಳಿಸಿತು.